ಎರಡು ಎತ್ತಿನ ಚಿತ್ರಕಾದಂಬರಿ

ಕನಸು ಕಾಣುವುದೇ ಉದ್ಯೋಗ ಎನ್ನುವವನಿಗೆ ಯಾರೂ ಬೇಗ ಹೆಣ್ಣು ಕೊಡುವುದಿಲ್ಲ, ಕೊಡಲೂಬಾರದು. ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಬಾಡಿಗೆ ಕೋಣೆಯಲ್ಲಿ ಕುಳಿತು ಮಕ್ಕಳಿಗಾಗಿ ಚಿತ್ರಕಾದಂಬರಿ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಅನ್ನುವುದಕ್ಕಿಂತ ಕಿಟಕಿಯಾಚೆಯ ಮೋಡ ನೋಡುತ್ತಿದ್ದೆ ಅನ್ನುವುದೇ ಸರಿ. ನೇಸರಗಿಗೆ ಹೆಣ್ಣು ನೋಡಲು ಹೋದಾಗ ಶೈಲಾ ಚಹಾ ಕೊಟ್ಟು, ನನ್ನ ಪುಸ್ತಕ ಕೊನೆಯವರೆಗೂ ತಿರುವಿ, ನಗುತ್ತ ಮತ್ತೆ ಮೊದಲ ಪುಟಕ್ಕೆ ಹೋದಳು. ಅಷ್ಟಕ್ಕೇ ನಾನು ಮುಗಿದುಹೋದೆ. ಇವಳಲ್ಲದೆ ಇನ್ನೊಬ್ಬಳು ಬೇಡ ಅನ್ನಿಸಿಬಿಟ್ಟಿತು. ಅವಳ ಅಪ್ಪ ಮಾತ್ರ ಪುಸ್ತಕ ಮುಟ್ಟಲಿಲ್ಲ. "ಬಣ್ಣದ ಕೆಲಸಾ ಅನ್ರಿ. ನಾಳಿ ಕಾರಹುಣ್ಣಿವಿ ಐತಿ, ನಮ್ಮ ಎತ್ತಿಗೆ ಬಣ್ಣಾ ಹಚ್ಚಿ ತೋರಸ್ರಿ. ಆಮ್ಯಾಲ ಮಾತಾಡೂಣು" ಅಂದರು.

ಬೇರೆ ಯಾರಾದರೂ ಆಗಿದ್ದರೆ ಕೊಂಬಿಗೆ ಕೆಂಪು ಬಳಿದು, ಮೈಮೇಲೆ ನಾಲ್ಕು ಉಂಗುರ ಒತ್ತಿ, ಮದುವೆ ಗಟ್ಟಿ ಮಾಡಿಕೊಳ್ಳುತ್ತಿದ್ದ. ನನಗೆ ಆ ಬಿಳಿ ಮೈ ಖಾಲಿ ಹಾಳೆಯಂತೆ ಕಂಡಿತು. ಕೈ ತನ್ನಷ್ಟಕ್ಕೆ ನಡೆಯಿತು. ಮೊದಲ ಎತ್ತಿನ ಮೇಲೆ ಒಂದು ಕರುವಿಗೆ ರೆಕ್ಕೆ ಮೂಡಿ, ಅದು ಚಂದ್ರನ ಹುಲ್ಲು ಮೇಯಲು ಹಾರಿ, ಅಲ್ಲೇ ದಾರಿ ತಪ್ಪಿತು. ಮನೆಗೆ ಹೇಗೆ ಬಂತು ಎಂಬುದು ಎರಡನೆಯ ಎತ್ತಿನ ಮೇಲೆ. ಓಣಿಯ ಮಕ್ಕಳು ಮೊದಲ ಎತ್ತನ್ನು ಓದಿ ಮುಗಿಸುವಷ್ಟರಲ್ಲಿ ಕರಿ ಹರಿಯುವ ಹೊತ್ತಾಯಿತು. ಅಡ್ಡ ಕಟ್ಟಿದ ತೋರಣ ಹರಿಯಲು ಊರಿನ ಎತ್ತುಗಳನ್ನೆಲ್ಲ ಓಡಿಸಿದರು. ನಮ್ಮ ಮೊದಲ ಎತ್ತು ನೆಟ್ಟಗೆ ಓಡಿತು. ಎರಡನೆಯದು ಬೆದರಿ ಕೆರೆಯ ಕಡೆ ತಿರುಗಿತು. ಕತೆಯ ಕೊನೆಯೇ ಓಡಿಹೋಗುತ್ತಿದೆ ಎಂದು ಮಕ್ಕಳು ಅದರ ಬೆನ್ನು ಹತ್ತಿದರು, ಮಕ್ಕಳ ಹಿಂದೆ ತಾಯಂದಿರು, ಅವರ ಹಿಂದೆ ಇಡೀ ಊರು.

ನೆಟ್ಟಗೆ ಓಡಿದ ಆ ಮನೆಯ ಎತ್ತು ಅಂದು ಮೊಟ್ಟಮೊದಲ ಸಲ ಕರಿ ಹರಿಯಿತು. ನೋಡಲು ಶೈಲಾಳ ಅಪ್ಪ ಒಬ್ಬರೇ ಇದ್ದರು. "ನಾಕ ಮಂದಿ ಸೈತ ನೋಡ್ಲಿಲ್ಲಲ್ಲ" ಎಂದು ಗೊಣಗುತ್ತ ಬಂದರು. ಕೆರೆಗಿಳಿದ ಎತ್ತು ಅಷ್ಟರಲ್ಲಿ ಬಣ್ಣ ತೊಳೆದುಕೊಂಡು ಬೆಳ್ಳಗೆ ಮೇಲೆ ಬಂದಿತ್ತು. ಒದ್ದೆ ಮಕ್ಕಳು ನನ್ನನ್ನು ಸುತ್ತಿಕೊಂಡು "ಮುಂದ ಏನಾತ್ರಿ?" ಎಂದವು. ಮದುವೆ ಮುರಿಯಿತೆಂದು ನನಗೆ ಅಳುವೇ ಬಂದಿತ್ತು. ಆದರೂ ಶೈಲಾಳ ಮನೆಯ ಕಟ್ಟೆಯ ಮೇಲೆ ಕುಳಿತು, ಕರುವನ್ನು ಬೆಳದಿಂಗಳ ಮೇಲೆ ಜಾರಿಸುತ್ತ ಮೆಲ್ಲಗೆ ಕೆಳಗಿಳಿಸಿದೆ. ಶೈಲಾ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಅಪ್ಪ, ಕರು ಕೊಟ್ಟಿಗೆ ಮುಟ್ಟುವ ತನಕ ಬೈಗುಳ ತಡೆದುಕೊಂಡರು. ಆಮೇಲೆ, "ಹುಡಿಗೀನ್ನ ಕೊಡ್ತೇನಿ. ಎತ್ತಿನ ತಂಟೆಕ ಮಾತ್ರ ಬರಬ್ಯಾಡ್ರಿ" ಅಂದರು.

ಮುಂದಿನ ಕಾರಹುಣ್ಣಿಮೆಗೆ ಮಾವ ಪ್ರೀತಿಯಿಂದ ಕರೆಸಿ, ಕಡಬು ಉಣ್ಣಿಸಿ, ಅಳಿಯ ದಣಿದಿದ್ದಾನೆಂದು ಒಳಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿದರು. ಕಣ್ಣುಬಿಟ್ಟು ನೋಡುತ್ತೇನೆ, ಹಬ್ಬಕ್ಕೆಂದು ನಾಲ್ಕೂ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದಾರೆ.