ಗೇರ್ ಆಯಿಲ್ ಮೂಸುವ ಮೈದುನ

ಗುರ್ರ್ರ್... ಕಟಕ್! ಅರಸೀಕೆರೆಯ ನಮ್ಮ ಮನೆಯಲ್ಲಿ ನನಗೆ ಎಚ್ಚರವಾಗುತ್ತಿದ್ದುದು ಕೋಳಿ ಕೂಗಿಗಲ್ಲ, ಮೈದುನನ ಲಾರಿ ಫಸ್ಟ್ ಗೇರಿಗೆ ಬೀಳುವ ಈ ಸದ್ದಿಗೆ. ಆ ಲಾರಿ ಡೀಸೆಲಿನಿಂದ ಓಡುತ್ತಿತ್ತೆಂದು ನೀವು ತಿಳಿದಿದ್ದರೆ ತಪ್ಪು. ಅದು ಓಡುತ್ತಿದ್ದುದು ಅವನ ಮೂಗಿನಿಂದ!

ಗೇರ್‌ಬಾಕ್ಸಿಗೆ ಒಂದು ಎಣ್ಣೆ, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿಗೆ ಇನ್ನೊಂದು. ಈ ಎರಡನೆಯದನ್ನು ಅವರೆಲ್ಲ ಕ್ರೌನ್ ಆಯಿಲ್ ಎನ್ನುತ್ತಾರೆ. ಎರಡೂ ಎಣ್ಣೆ ತಾನೇ, ಒಂದೇ ಡಬ್ಬ ತಂದರೆ ಸಿಂಪಲ್ ಅಲ್ಲವೇ ಎಂದು ಹೊಸದರಲ್ಲಿ ಕೇಳಿಬಿಟ್ಟೆ. ಮೈ ಗಾಡ್, ಅವನು ನೋಡಿದ ನೋಟ!

“ಅತ್ತಿಗೆ, ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ನೀವು ಹುಳಿ ಕುದಿಸ್ತೀರಾ? ಗೇರ್‌ಬಾಕ್ಸ್ ಒಳಗೆ ಹಿತ್ತಾಳೆ ಬಳೆ ಅವೆ. ಕ್ರೌನ್ ಆಯಿಲ್ ಖಾರ, ತಿಂದ್ಹಾಕ್ಬಿಡ್ತದೆ.”

ಹಾಗೆಂದು ಗೇರ್‌ಬಾಕ್ಸಿನ ಸಪ್ಪೆ ಎಣ್ಣೆಯನ್ನು ಕ್ರೌನಿಗೆ ಹಾಕಿದರೆ, ಲೋಡು ಬಿದ್ದಾಗ ಅದರ ಹಲ್ಲು ಸವೆಯುತ್ತದಂತೆ. ಡಬ್ಬದ ಮೇಲಿನ ನಂಬರನ್ನಾಗಲಿ ಅಂಗಡಿಯವನ ಆಣೆಯನ್ನಾಗಲಿ ಅವನು ನಂಬುವವನಲ್ಲ. ಬೆರಳದ್ದಿ ಮೂಸಬೇಕು, ಆಮೇಲೇ ತೀರ್ಪು.

ಒಮ್ಮೆ ಹಳೇಬೀಡಿನ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದೇವೆ, ಯಾರೋ ಡ್ರೈವರ್ ಸ್ಟೀಲ್ ಲೋಟದಲ್ಲಿ ಎಣ್ಣೆ ಹಿಡಿದು ಪಂಕ್ತಿಗೇ ಬಂದ! ಇವನು ಹಪ್ಪಳಕ್ಕೂ ಪಾಯಸಕ್ಕೂ ನಡುವೆ ಮೂಸಿ, ಕ್ರೌನ್‌ದು ಎಂದು ಹೇಳಿ, ಪಾಯಸ ಮುಂದುವರಿಸಿದ. ಟೇಬಲ್ ಮ್ಯಾನರ್ಸ್ ಕಲಿಸಿದ ನನ್ನ ಕಾನ್ವೆಂಟ್ ಸಿಸ್ಟರ್‌ಗಳು ನೋಡಬೇಕಿತ್ತು. ಎದುರು ಸಾಲಿನ ಹಿರಿಯರೊಬ್ಬರು ಅದನ್ನು ಸಾರೆಂದೇ ತಿಳಿದು, ನಮಗೂ ಸ್ವಲ್ಪ ಬಿಡಿ ಎಂದು ದೊನ್ನೆ ಚಾಚಿದರು!

ಹೋದ ವರ್ಷ ಅವನಿಗೊಂದು ಜ್ವರ ಬಂತು. ಜ್ವರ ಬಿಟ್ಟಿತು, ಜೊತೆಗೆ ಮೂಗನ್ನೂ ಒಯ್ದಿತು. ಯಾರಿಗೂ ಹೇಳಲಿಲ್ಲ. ತಳ ಹಿಡಿದ ಹಾಲಿನ ಕಾಫಿಯನ್ನು ಫಸ್ಟ್ ಕ್ಲಾಸ್ ಎಂದು ಹೊಗಳಿದಾಗ ನನಗೆ ಅನುಮಾನ ಬಂತು. ನಾನೂ ಸುಮ್ಮನಿದ್ದೆ.

ಅದೇ ಹೊತ್ತಿಗೆ, ವರ್ಷಗಟ್ಟಲೆ ಓಡಿಸಿದ್ದ ಡ್ರೈವರ್ ತಿಮ್ಮಯ್ಯನಿಗೇ ಲಾರಿ ಬಿಟ್ಟುಕೊಡುವ ಮಾತಾಗಿತ್ತು. ತಿಮ್ಮಯ್ಯನ ಸಂಸಾರ ಇನ್ನು ಅದನ್ನೇ ನಂಬಬೇಕು. ಕೊಡುವ ಮೊದಲು ಮೈದುನ ತಾನೇ ಎರಡೂ ಎಣ್ಣೆ ಬದಲಾಯಿಸಿದ. ಎರಡು ದಿನ ಗಂಡಸಿ ಊರಿಗೆ ತೆಂಗಿನಕಾಯಿ ಲೋಡಿಗೆ ಹೋಗಿಬಂದ ತಿಮ್ಮಯ್ಯ ಅಡುಗೆಮನೆ ಬಾಗಿಲಿಗೆ ಬಂದು ತಲೆ ಕೆರೆದ.

“ಅಮ್ಮಾ, ಗೇರು ಬೀಳೋಕೇ ಒದ್ದಾಡ್ತೈತೆ. ಎಣ್ಣೆ ಹಾಕಿದ್ದು ಯಜಮಾನ್ರು. ನಾನ್ ಹೆಂಗ್ ಕೇಳ್ಲಿ?”

ನಾನು ಅಂಗಳಕ್ಕೆ ಹೋದೆ. ಮೈದುನ ಆಗಲೇ ಲಾರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಗೆ ಬೆರಳದ್ದುತ್ತಾನೆ, ಮೂಸುತ್ತಾನೆ, ಮತ್ತೆ ಅದ್ದುತ್ತಾನೆ. ನನ್ನನ್ನು ಕಂಡು ಬೆರಳನ್ನು ನನ್ನತ್ತ ಎತ್ತಿದ.

“ಅತ್ತಿಗೆ, ನೀವೊಂದ್ಸಲ ಮೂಸಿ.”

ನಾನು, ಆ ಲಾರಿಯ ಬಳಿ ಕರ್ಚೀಫಿಲ್ಲದೆ ಸುಳಿಯದವಳು! ಸೀರೆ ಎತ್ತಿಕಟ್ಟಿ ಕೂತು ಮೂಸಿದೆ. ಕೊಳೆತ ಮೊಟ್ಟೆ, ಖಾರ ಖಾರ.

“ಕ್ರೌನ್‌ದು ಕಣಯ್ಯ,” ಎಂದೆ ಮೆಲ್ಲಗೆ.

ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ತಿಮ್ಮಯ್ಯನನ್ನು ಕೂಗಿದ. “ತಪ್ಪು ನಂದು ಕಣ್ಲಾ. ಮೂಗು ಹೋಗೈತೆ. ಈಗ್ಲೇ ಎರಡನ್ನೂ ತೊಳ್ದು ಬೇರೆ ಹಾಕು, ಬಳೆ ಇನ್ನೂ ಉಳ್ಕೊಂಡಿರ್ತವೆ.”

ಉಳಿದಿದ್ದವು. ಮಾರನೆಯ ದಿನ ಹೊಸ ಎಣ್ಣೆಯಲ್ಲಿ ಬಿಕ್ಕೋಡಿಗೆ ಮೊದಲ ಟ್ರಿಪ್. ತಾನೂ ಜೊತೆಗೆ ಹೋಗಿ ನೋಡಿಬರುತ್ತೇನೆಂದು ಹೊರಟವನು, ನಲ್ಲಿಯಲ್ಲಿ ಕೈ ತೊಳೆದು ನನ್ನ ಮುಂದೆ ಚಾಚಿದ. ಎಣ್ಣೆ ವಾಸನೆ ಇನ್ನೂ ಬರುತ್ತದಾ ಎಂದು ಕೇಳಿದ. ಸೋಪಿನದಲ್ಲದೆ ಬೇರೇನೂ ಇರಲಿಲ್ಲ.

“ಬರ್ತದೆ, ಜೋರಾಗೇ ಬರ್ತದೆ,” ಎಂದೆ.

ಖುಷಿಯಾಗಿ ಅಂಗೈಯನ್ನೊಮ್ಮೆ ತಾನೇ ಮೂಸಿಕೊಂಡು, ತಿಮ್ಮಯ್ಯನ ಎಡಗಡೆ ಸೀಟು ಹತ್ತಿದ. ಆ ರಾತ್ರಿ ಬಿಕ್ಕೋಡಿನಲ್ಲೇ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ನಾನು ಅವನನ್ನು ಜೀವಂತವಾಗಿ ನೋಡಿದ್ದು ಅದೇ ಕೊನೆ.