ಪುಟ್ಟಮಾದಣ್ಣನನ್ನು ದಡದಲ್ಲಿ ಕೂರಿಸಿದ ಅರ್ಜಿ ನಮೂನೆಗೆ

ಮಾನ್ಯ ಆನ್‌ಲೈನ್ ಅರ್ಜಿ ನಮೂನೆಯವರೇ,

ಚಾಮರಾಜನಗರ ತಾಲ್ಲೂಕಿನ ಉಡಿಗಾಲದ ನಿವಾಸಿಯೂ ಬದನಗುಪ್ಪೆಯ ಕಾರ್ಖಾನೆಯೊಂದರ ನೌಕರನೂ ಆದ ನಾನು, ರಾಫ್ಟಿಂಗ್ ಸಂಸ್ಥೆಯೊಂದರ ಸೇವೆಯಲ್ಲಿ ಊಟ, ನಿದ್ದೆ, ಹಬ್ಬದ ರಜೆ ಯಾವುದೂ ಇಲ್ಲದೆ ಕುಳಿತಿರುವ ತಮಗೆ ಮೊದಲು ಕೈಮುಗಿದು, ತಮ್ಮ ಆರೋಗ್ಯ ಮತ್ತು ಸಿಗ್ನಲ್ ಎರಡೂ ಚೆನ್ನಾಗಿವೆಯೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಗುಂಡ್ಲುಪೇಟೆ ದಾಟಿ ಘಟ್ಟ ಇಳಿದರೆ ಸಿಗುವ ಹೊಳೆಯಲ್ಲಿ ದೋಣಿ ನಡೆಸಬೇಕೆಂದು ನಾವು ನಾಲ್ವರು ಸಹೋದ್ಯೋಗಿಗಳು ಎರಡು ತಿಂಗಳಿಂದ ಯೋಜನೆ ಹಾಕಿದ್ದೆವು. ಯಂತ್ರ ವಿಭಾಗದ ರಾಜಣ್ಣ, ಕಚೇರಿಯ ಭವ್ಯ ಮತ್ತು ನಾನು ಊರ ಕೆರೆಯಲ್ಲಿ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕುಳಿತು ಅಭ್ಯಾಸವನ್ನೂ ಮಾಡಿದೆವು. ಮೂವರೂ ಮೂರು ದಿಕ್ಕಿಗೆ ಹುಟ್ಟು ಹಾಕಿದ್ದರಿಂದ ಟ್ಯೂಬು ಒಂದು ಗಂಟೆ ಇದ್ದಲ್ಲೇ ಸುತ್ತಿತೆಂಬುದನ್ನು ಮುಚ್ಚಿಡುವುದಿಲ್ಲ. ನಾಲ್ಕನೆಯವರು ನಮ್ಮ ಗೇಟಿನ ಕಾವಲುಗಾರ ಪುಟ್ಟಮಾದಣ್ಣ. ಈ ಕೆಲಸಕ್ಕೆ ಸೇರುವ ಮೊದಲು ಅವರು ಇಪ್ಪತ್ತೆಂಟು ವರ್ಷ ಕಾವೇರಿಯಲ್ಲಿ ತೆಪ್ಪ ನಡೆಸಿದವರು.

ತೆಪ್ಪ ಇಳಿಸುವ ಮುನ್ನ ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಯೊಂದನ್ನು ನೀರಿಗೆ ಬಿಟ್ಟು, ಅದು ಕೆಳಗಿನ ಮಡುವಿಗೆ ಬಂದು ಸೇರಿದರೆ ಮಾತ್ರ ಜನರನ್ನು ಹತ್ತಿಸುವುದು ಅವರ ಪದ್ಧತಿ. ಕಳೆದ ತಿಂಗಳು ಹೊಳೆ ನೋಡಲು ಹೋದಾಗಲೂ ಹಾಗೆಯೇ ಮಾಡಿದರು. ನಡುಹೊಳೆಯ ದೊಡ್ಡ ಬಂಡೆಯ ಎಡಕ್ಕೆ ಹಾದ ಕಾಯಿ, ಅವರ ಒಂದು ಬೀಡಿ ಮುಗಿಯುವುದರೊಳಗೆ ಮಡುವಿಗೆ ಬಂತು. "ಕಾಯಿ ಓದ ದಾರೀಲೇ ನಾವೂ ಓಗದು ಕಣ್ಲಾ" ಎಂದರು. ನಮ್ಮ ಇಡೀ ಯೋಜನೆ ಅಷ್ಟೇ.

ಆಮೇಲೆ ತಮ್ಮನ್ನು ತುಂಬಲು ಕುಳಿತೆವು. 'ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು' ಎಂದು ತಾವು ಕಳಕಳಿಯಿಂದ ಕೇಳಿದಿರಿ. ನಮ್ಮ ಸುತ್ತಮುತ್ತ ಬಾವಿಗೆ ಕರು ಬಿದ್ದರೂ ಕೆರೆಯಲ್ಲಿ ಮನುಷ್ಯ ಮುಳುಗಿದರೂ ಜನ ಓಡುವುದು ಪುಟ್ಟಮಾದಣ್ಣನ ಮನೆಗೆ. ಹಾಗಾಗಿ ನಾವು ಮೂವರೂ ಎರಡನೆಯ ಯೋಚನೆಯಿಲ್ಲದೆ ಅವರ ಹೆಸರು ಬರೆದೆವು. ಅವರೂ ತುರ್ತು ಸಂಪರ್ಕಕ್ಕೆ ಸ್ವಂತ ನಂಬರನ್ನೇ ಬರೆಸಿದರು. ಭವ್ಯ ನಕ್ಕದ್ದಕ್ಕೆ, "ನಾನ್ ಮುಳುಗುದ್ರೆ ಎತ್ತಕೆ ಇನ್ಯಾರವ್ರೆ, ನೀನ್ ಬಂದಿಯಾ ಕಣಮ್ಮಿ?" ಎಂದು ಕೇಳಿದರು.

ತುರ್ತು ಸಂಪರ್ಕದ ವ್ಯಕ್ತಿ ದೋಣಿಯಲ್ಲಿ ಇರುವಂತಿಲ್ಲ ಎಂಬ ಮಹತ್ವದ ನಿಯಮವನ್ನು ಎತ್ತಿಹಿಡಿದ ತಾವು, ಈಜು ಬಲ್ಲ ಒಬ್ಬರನ್ನು ಕ್ಷಣಾರ್ಧದಲ್ಲಿ ದಡಕ್ಕೆ ಕಳಿಸಿ, ಈಜು ಬಾರದ ಮೂವರಿಗೆ ಅಭಿನಂದನೆ ಹೇಳಿದಿರಿ. ತಪ್ಪು ತಿದ್ದಿಕೊಡಿ, ಅವರಿಲ್ಲದೆ ನೀರಿಗಿಳಿಯಲು ನಮಗೆ ಧೈರ್ಯವಿಲ್ಲ ಎಂದು ನಾಲ್ಕು ಬಾರಿ ಬರೆದುಕೊಂಡೆ. ನಾಲ್ಕು ಬಾರಿಯೂ ತಾವು ಧನ್ಯವಾದ ಹೇಳಿದಿರಿ. ಇಷ್ಟು ವಿನಯದಿಂದ ಕಿವಿಗೊಡದಿರುವುದು ಮನುಷ್ಯರಾದ ಅಧಿಕಾರಿಗಳಿಗೆ ಸಾಧ್ಯವಾಗುವುದಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ, ಬೆಟ್ಟದ ಮೇಲೆ ಮಳೆಯಾಗಿ ಹೊಳೆ ಕೆಂಪಾಗಿತ್ತು. 'ನೀರಿನ ಮಟ್ಟ ಅನುಕೂಲಕರವಾಗಿದೆ, ಶುಭ ಪ್ರಯಾಣ' ಎಂಬ ತಮ್ಮ ಸಂದೇಶ ನಮಗೆ ಮುಟ್ಟಿತು. ತುರ್ತು ಸಂಪರ್ಕದವರು ದಡದಲ್ಲಾದರೂ ಇದ್ದಾರೆಂಬ ಧೈರ್ಯದ ಮೇಲೆ ನಾವು ಮೂವರು ಜಾಕೆಟ್ ಬಿಗಿದು ನಿಂತಿದ್ದೆವು. ದೋಣಿ ಹತ್ತುವ ಹಕ್ಕಿಲ್ಲದ ಪುಟ್ಟಮಾದಣ್ಣ, ಕಾಯಿ ಬಿಡಲು ಯಾವ ಅರ್ಜಿಯೂ ಬೇಕಿಲ್ಲವೆಂದು ಖಚಿತಪಡಿಸಿಕೊಂಡು ಒಂದನ್ನು ನೀರಿಗೆಸೆದರು. ಅದು ಈ ಸಲ ಎಡಕ್ಕೆ ಹೋಗಲಿಲ್ಲ. ನೇರವಾಗಿ ಬಂಡೆಯ ಬುಡಕ್ಕೆ ಹೋಗಿ ಒಳಸೇರಿತು. ಒಂದು ಬೀಡಿ ಮುಗಿಯಿತು, ಎರಡು ಮುಗಿಯಿತು. ಕಾಯಿ ಬರಲಿಲ್ಲ.

"ರಜಾ ಹಾಕಿ ಬಂದಿವ್ನಿ ಕಣಣ್ಣ, ಒಂದ್ ಕಾಯಿ ಮಾತ್ ಕೇಳ್ಕಂಡು ವಾಪಸ್ ಹೋಗನಾ?" ಎಂದ ರಾಜಣ್ಣ.

"ರಜಾ ಇನ್ನೊಂದ್ ಸಿಕ್ತದೆ ಬುಡ್ಲಾ."

ಮೊದಲು ಹೆಲ್ಮೆಟ್ ತೆಗೆದವಳು ಭವ್ಯ. ತಮ್ಮ ಸಂಸ್ಥೆಯ ಇಬ್ಬರು ಮಾರ್ಗದರ್ಶಿಗಳು ಆ ಬಂಡೆಯನ್ನೊಮ್ಮೆ ನೋಡಿ, ದೋಣಿಯನ್ನು ದಡಕ್ಕೆಳೆದರು. ಅವರ ಮೇಲೆ ಶಿಸ್ತುಕ್ರಮ ಬೇಡವೆಂದು ಪ್ರಾರ್ಥಿಸುತ್ತೇನೆ.

ಮುಂದಿನ ಸಲ ತಾವೇ ಖುದ್ದಾಗಿ ದೋಣಿಯ ಮುಂಭಾಗದಲ್ಲಿ ಕುಳಿತು ನಮಗೆ ದಾರಿ ತೋರಬೇಕೆಂದೂ, ಅದಕ್ಕೆ ಮೊದಲು ತಮ್ಮನ್ನು ತಾವೇ ಒಮ್ಮೆ ಪೂರ್ತಿಯಾಗಿ ಭರ್ತಿ ಮಾಡಿ ಸಲ್ಲಿಸಬೇಕೆಂದೂ ಕೋರುತ್ತೇನೆ. ತಮ್ಮ ತುರ್ತು ಸಂಪರ್ಕ ಯಾರೆಂದು ತಿಳಿಯುವ ಕುತೂಹಲ ನಮಗೆಲ್ಲರಿಗೂ ಇದೆ.

ತಮ್ಮ ಕರ್ತವ್ಯನಿಷ್ಠೆಯನ್ನಂತೂ ಮರೆಯಲಾರೆ. ಅಂದು ಮಧ್ಯಾಹ್ನ ನಾವು ನಾಲ್ವರೂ ದಡದ ಮರದ ಕೆಳಗೆ, ಪುಟ್ಟಮಾದಣ್ಣನ ಹೆಂಡತಿ ಮಲ್ಲಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿನ್ನುತ್ತಿದ್ದಾಗ, ಪುಟ್ಟಮಾದಣ್ಣನ ಫೋನಿಗೆ ಒಂದರ ಹಿಂದೆ ಒಂದು ಮೂರು ಸಂದೇಶ ಬಂದವು. 'ನಿಮ್ಮವರು ಕೊನೆಯ ತಾಣ ತಲುಪಿಲ್ಲ. ಕೂಡಲೇ ಕ್ರಮ ಕೈಗೊಳ್ಳಿ' ಎಂದು ಭವ್ಯ ಓದಿ ಹೇಳಿದಳು. ಅವರು ತುತ್ತು ನುಂಗಿ, ನಮ್ಮ ಮೂವರನ್ನೂ ಒಮ್ಮೆ ಎಣಿಸಿದವರಂತೆ ನೋಡಿದರು.

"ಕ್ರಮವ ಬೆಳಿಗ್ಗೇನೇ ತಗಂಡಾಯ್ತು ಅಂತ ಬರಿ ಕಣಮ್ಮಿ."

ಸದಾ ದಡದಲ್ಲೇ ಇರಲು ಬಯಸುವ,
ತಮ್ಮ ವಿಶ್ವಾಸಿ,
ಶಶಿಕುಮಾರ, ಉಡಿಗಾಲ

ತಾಜಾ ಕಲಂ: ತಮ್ಮ ಸಂದೇಶದಂತೆ ಅನುಕೂಲಕರವಾಗಿದ್ದ ನೀರಿನಲ್ಲಿ ಅಂದು ಪ್ರಯಾಣ ಮಾಡಿದ್ದು ಆ ತೆಂಗಿನಕಾಯಿ ಒಂದೇ. ಈ ಪತ್ರ ಬರೆಯುವವರೆಗೆ ಅದು ಕೊನೆಯ ತಾಣ ತಲುಪಿದ ಸುದ್ದಿಯಿಲ್ಲ. ಸಿಕ್ಕರೆ ದಯವಿಟ್ಟು ತಿಳಿಸಿ. ಅದರ ತುರ್ತು ಸಂಪರ್ಕವೂ ಪುಟ್ಟಮಾದಣ್ಣನೇ.