ಅಗ್ನಿಪರ್ವತದ ಬುಡದಲ್ಲಿ ಭಾವಚಿತ್ರ ಸಮರ

ಭೂಗರ್ಭದ ಅಗ್ನಿಯೂ ಅಂಗೈಯ ಫೋನೂ ಏಕಕಾಲಕ್ಕೆ ಕಾದು ಕೆಂಪಾಗುವ ಮಹಾಯುಗವೇ, ನಿನಗೆ ನಮಸ್ಕಾರ. ಸಂದೇಶಸಾಗರಮಥನಪಟುವೂ ಶುಭೋದಯಕುಸುಮವರ್ಷಿಯೂ ಸ್ವಮುಖಪ್ರಕಟನವ್ರತಿಯೂ ದಾವಣಗೆರೆಯ ಕಿರಾಣಿ ವರ್ತಕರ ಪ್ರವಾಸ ಬಳಗದ ಏಕಚ್ಛತ್ರ ಅಡ್ಮಿನ್ನೂ ಆದ ಕೊಟ್ರಬಸಪ್ಪನವರ ಪರಾಕ್ರಮವನ್ನು ಹಾಡಲಿದ್ದೇನೆ; ನನ್ನ ನಾಲಗೆಗೆ ಬಲ ಕೊಡು, ನೆಟ್‌ವರ್ಕಿಗೆ ಇನ್ನೂ ಸ್ವಲ್ಪ ಹೆಚ್ಚು ಕೊಡು.

ದಕ್ಷಿಣಸಮುದ್ರದ ದ್ವೀಪವೊಂದರಲ್ಲಿ, ಧೂಮಕಿರೀಟಧಾರಿಯಾದ ಅಗ್ನಿಪರ್ವತದ ತಪ್ಪಲಲ್ಲಿ ಬಳಗದ ಬಸ್ಸು ನಿಂತಿತ್ತು. ಉಳಿದವರೆಲ್ಲರೂ ಮೇಲಿನ ಸಂತೆಗೆ ಹತ್ತಿದ್ದರು. ಅವರ ಮುಂದಾಳು, ಕೊಟ್ರಬಸಪ್ಪನವರ ಧರ್ಮಪತ್ನಿ ಪಂಪಕ್ಕ. ಮಂಡಿನೋವಿನ ನೆಪದಲ್ಲಿ ಬಸ್ಸಿನಲ್ಲೇ ಉಳಿದ ಪುರುಷಸಿಂಹಗಳು ಇಬ್ಬರು: ಅಧ್ಯಕ್ಷ ಕೊಟ್ರಬಸಪ್ಪನವರು, ಉಪಾಧ್ಯಕ್ಷ ಗುರುಸಿದ್ಧಯ್ಯನವರು.

ಪರ್ವತ ಒಮ್ಮೆ ಗುಡುಗಿತು. ಗೈಡ್ ಓಡಿಬಂದು, ಅಲ್ಲಿನ ಸರ್ಕಾರ ಆಗಷ್ಟೇ ಹೊರಡಿಸಿದ ಎಚ್ಚರಿಕೆಯನ್ನು ತೋರಿಸಿದ: ‘ಬೂದಿ ಬೀಳಲಿದೆ. ಮೂಗು ಮುಚ್ಚಿಕೊಂಡು ಕೂಡಲೇ ಕೆಳಗಿಳಿಯಿರಿ.’

“ಸೆಂಡ್, ಸಾರ್! ಗ್ರೂಪಿಗೆ ಸೆಂಡ್!”

ಕೊಟ್ರಬಸಪ್ಪನವರು ಥಟ್ಟನೆ ಫೋನೆತ್ತಿದರು. ಪಂಪಕ್ಕನಿಗೆ ಉಬ್ಬಸ, ಒಗ್ಗರಣೆಯ ಘಾಟಿಗೇ ಏದುಸಿರು ಬಿಡುವ ಜೀವ. ಕರೆ ಮಾಡಿದರು. ಆ ಬೆಟ್ಟದಲ್ಲಿ ಕರೆ ಹೋಗದು, ಸಂದೇಶ ಮಾತ್ರ ತೆವಳಿಕೊಂಡು ತಲುಪುತ್ತಿತ್ತು. ಆದರೆ ತೊಟ್ಟಿಲಿನಿಂದ ತಿಥಿಯವರೆಗೆ ತಮ್ಮ ಭಾವಚಿತ್ರವಿಲ್ಲದ ಒಂದು ಸುದ್ದಿಯೂ ಅವರ ಫೋನಿನಿಂದ ಹೊರಟದ್ದಿಲ್ಲ. ಅಧ್ಯಕ್ಷವೀರರು ಸೀಟು ಬಿಟ್ಟೆದ್ದರು.

“ಮಹನೀಯರೇ!” ಎಂದರು, ಕೇಳುವವರು ಇಬ್ಬರೇ ಆದರೂ. “ಬೋಳು ಅಕ್ಷರಕ್ಕೆ ಬೆಲೆ ಕೊಡುವವರು ಯಾರು? ನನ್ನ ಮುಖಮುದ್ರೆ ಹೊತ್ತ ಪೋಸ್ಟರು ಹೊರಟಿತೆಂದರೆ ಜನ ಇಳಿಯುವುದಿರಲಿ, ಈ ಪರ್ವತವೇ ಬಾಯಿ ಮುಚ್ಚಬೇಕು!”

ಪೋಸ್ಟರು ಸಿದ್ಧವಾಗತೊಡಗಿತು. ಗುರುಸಿದ್ಧಯ್ಯನವರು ಕತ್ತು ಚಾಚಿ ಇಣುಕಿದರು.

“ಅಲ್ರೀ ಅಧ್ಯಕ್ಷರೇ, ನಿಮ್ ಮಾರಿ ಕುಂಬಳಕಾಯಿ, ನಂದು ಕಡ್ಲೆಕಾಳು. ಇದ್ಯಾವ ನ್ಯಾಯಾರೀ?”

“ಉಪಾಧ್ಯಕ್ಷರಿಗೆ ಅಷ್ಟೇ ರೀ ಜಾಗ.”

“ಊರಿಂದ ಇಲ್ಲೀಗಂಟ ಉಪ್ಪಿನ್ಕಾಯಿ ಡಬ್ಬಿ ಹೊತ್ಕಂಡ್ ಬಂದೋನು ಯಾರು? ಹೊರಾಕ್ ಮಾತ್ರ ನಾ ಬೇಕು, ಫೋಟೋಕ್ ಬ್ಯಾಡೇನು? ತೆಗೀರಿ ನಂದು, ತೆಗೀರಿ! ಊರಿಗ್ ಹೋದ್ಮ್ಯಾಲೆ ಮಾತಾಡಾಣ.”

ಆಮೇಲಿನ ಘೋರಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ಒಂದೇ ಪರದೆಯ ಮೇಲೆ ಇಬ್ಬರ ಹೆಬ್ಬೆರಳುಗಳು ಮದಗಜಗಳಂತೆ ಸೆಣಸಿದವು. ಒಬ್ಬರು ಹಿಗ್ಗಿಸಿದ್ದನ್ನು ಇನ್ನೊಬ್ಬರು ಕುಗ್ಗಿಸಿದರು. ಎರಡು ಮುಖಗಳೂ ಉಬ್ಬುತ್ತ ಹೋದಂತೆ ನಡುವೆ ಸಿಕ್ಕ ಎಚ್ಚರಿಕೆ ನಲುಗಿ, ಜಾರಿ, ಪೋಸ್ಟರಿನ ಕೆಳಅಂಚಿನಲ್ಲಿ ಇರುವೆಸಾಲಾಯಿತು.

“ಸೆಂಡ್, ಸಾರ್…” ಗೈಡ್‌ನ ದನಿ ಈಗ ಅಳುವಂತಿತ್ತು.

ಕಿಟಕಿಯ ಗಾಜಿನ ಮೇಲೆ ಬೂದಿಯ ಮೊದಲ ಕಣಗಳು ಬಿದ್ದವು. ಕೊಟ್ರಬಸಪ್ಪನವರಿಗೆ ಹೆಂಡತಿಯ ಸುಯ್ಲು ಕಿವಿಯಲ್ಲೇ ಕೇಳಿದಂತಾಯಿತು. ಎಲ್ಲ ಅಳಿಸಿ ‘ಇಳಿದು ಬಾ’ ಎಂದಷ್ಟೇ ಹಾಕಿಬಿಡೋಣವೆಂದು ಬೆರಳೆತ್ತಿದರು. ಅಷ್ಟರಲ್ಲಿ ಪೋಸ್ಟರಿನಲ್ಲಿ ಗುರುಸಿದ್ಧಯ್ಯನವರ ಮೀಸೆ ತಮ್ಮ ಪೇಟದ ಅಂಚನ್ನು ದಾಟಿ ಬಂದದ್ದು ಕಣ್ಣಿಗೆ ಬಿತ್ತು. ಮೊದಲು ಅದನ್ನು ಸರಿಪಡಿಸಿದರು. ಆಮೇಲೆ ಒತ್ತಿದರು.

ಬ್ರಹ್ಮಾಸ್ತ್ರ ಹೊರಟಿತು. ತುಸು ಹೊತ್ತಿಗೆ ಬೆಟ್ಟದಿಂದ ಉತ್ತರಗಳ ಮಳೆ: ಕೇಕು, ಹೂಗುಚ್ಛ, ಮುಗಿದ ಕೈಗಳು. ‘ಹುಟ್ಟುಹಬ್ಬದ ಶುಭಾಶಯಗಳು ಅಧ್ಯಕ್ಷರಿಗೆ.’ ‘ನೂರ್ ಕಾಲ ಬಾಳ್ರಿ.’ ‘ಇಬ್ರುದೂ ಒಂದೇ ದಿನಾನಾ?’

ಕೊಟ್ರಬಸಪ್ಪನವರು ಮಂಡಿನೋವು ಮರೆತು ಬಸ್ಸಿನಿಂದ ಧುಮುಕಿ, ಬೆಟ್ಟದ ದಾರಿ ಹಿಡಿದು ನಾಲ್ಕು ಹೆಜ್ಜೆ ಓಡಿದರು. ಐದನೆಯದು ಬೇಕಾಗಲಿಲ್ಲ. ಮೇಲಿನಿಂದ ಬೂದಿ ಬಡಿದ ಜನರ ಸಾಲೊಂದು ಇಳಿಯುತ್ತಿತ್ತು; ಮುಂದೆ, ಮೂಗಿಗೆ ಸೆರಗು ಒತ್ತಿಕೊಂಡ ಪಂಪಕ್ಕ.

“ಅಂಗ್ಡಿಯಾಕಿ ಬಾಗ್ಲು ಹಾಕಿ, ರಟ್ಟೆ ಹಿಡ್ದು ಕೆಳಗ್ ದಬ್ಬಿದ್ಲು ನಮ್ನ,” ಎಂದಳು ಏದುಸಿರಿನ ನಡುವೆ, ಉಬ್ಬಸದ ಸ್ಪ್ರೇಗಾಗಿ ಚೀಲ ತಡಕುತ್ತ. “ಇಲ್ಲಾಂದ್ರೆ ಅಲ್ಲೇ ಇರ್ತಿದ್ವಿ.”

“ನಾನ್ ಕಳ್ಸಿದ್ ಪೋಸ್ಟರ್ ನೋಡ್ಲಿಲ್ಲೇನೇ?”

ಪಂಪಕ್ಕ ಸ್ಪ್ರೇ ಎಳೆದುಕೊಂಡು ಸುಧಾರಿಸಿಕೊಂಡಳು.

“ನೋಡ್ದೆ. ಗುರುಸಿದ್ಧಣ್ಣಂದು ಚೆನ್ನಾಗ್ ಬಂದೈತಿ.”